ಮತ್ತೆ ಬಂದ ಚಳಿಜ್ವರ

ಹೊಸಕೋಟೆ ತಾಲೂಕಿನ ಸಮೇತನಹಳ್ಳಿಯಿಂದ ಸಹೋದರಿಯೊಬ್ಬರು ಬರೆದ ಪತ್ರ ಈ ಸಲ ನನ್ನ ಮುಂದಿದೆ. ಅವರ ಮಗ ಟೈಲ್ಸ್ ಹಾಕುವ ಕೆಲಸಗಾರ. ಕಟ್ಟಡವೊಂದರ ಕೆಲಸಕ್ಕೆಂದು ಮಂಗಳೂರಿಗೆ ಹೋಗಿ ನಾಲ್ಕು ತಿಂಗಳಿದ್ದ. ಅಲ್ಲಿ ಅವನಿಗೆ ಚಳಿಜ್ವರ ಬಂತು. ರಕ್ತ ಪರೀಕ್ಷೆಯಲ್ಲಿ ಮಲೇರಿಯಾ, ಅದರಲ್ಲೂ ವೈವಾಕ್ಸ್ ಎಂಬ ಬಗೆಯದು ಎಂದು ತಿಳಿಯಿತು. ಮಾತ್ರೆ ಕೊಟ್ಟರು, ಮೂರು ದಿನದಲ್ಲಿ ಜ್ವರ ಬಿಟ್ಟಿತು. ಅಷ್ಟರಲ್ಲಿ ರಮಝಾನ್ ಬಂತು. ಜ್ವರ ಹೇಗೂ ಹೋಗಿದೆ, ಉಪವಾಸವೂ ಇದೆ ಎಂದು ಉಳಿದ ಮಾತ್ರೆಗಳನ್ನು ಅವನು ಚೀಲದಲ್ಲೇ ಬಿಟ್ಟ. ಈದ್‌ಗೆ ಊರಿಗೆ ಬಂದವನು ಮತ್ತೆ ಮಂಗಳೂರಿಗೆ ಹೋಗಲಿಲ್ಲ. ಎರಡು ತಿಂಗಳು ಕಳೆದ ಮೇಲೆ ಸಮೇತನಹಳ್ಳಿಯ ಮನೆಯಲ್ಲೇ ಅದೇ ನಡುಕ, ಅದೇ ಜ್ವರ.

ಸಹೋದರಿಯ ಪ್ರಶ್ನೆಗಳು ಇವು. ನಮ್ಮ ಬೀದಿಯಲ್ಲಿ ಯಾರಿಗೂ ಮಲೇರಿಯಾ ಇಲ್ಲ, ಇವನಿಗೊಬ್ಬನಿಗೇ ಹೇಗೆ ಬಂತು? ಮಗನ ರೋಗನಿರೋಧಕ ಶಕ್ತಿ ಕಡಿಮೆಯಾಗಿದೆಯೇ? ಟಾನಿಕ್ ತಂದಿದ್ದೇನೆ, ಬೆಳಿಗ್ಗೆ ಜೇನು ಮತ್ತು ಕಲೌಂಜಿ ಕೊಡುತ್ತಿದ್ದೇನೆ, ಅತ್ತೆಯವರು ತಾವೀಜ್ ಕಟ್ಟಿಸಿದ್ದಾರೆ. ಮೈಯಲ್ಲಿ ಶಕ್ತಿ ಇದ್ದರೆ ಮಲೇರಿಯಾ ತಾನಾಗಿ ಹೋಗುತ್ತದೆ ಎನ್ನುತ್ತಾರೆ, ನಿಜವೇ? ಪತ್ರದ ಕೊನೆಯಲ್ಲಿ, ಏನೋ ಮರೆತಿದ್ದನ್ನು ಸೇರಿಸಿದಂತೆ, ಒಂದು ಸಾಲಿದೆ: ಸೊಸೆಗೆ ಈಗ ಐದು ತಿಂಗಳು, ಚೊಚ್ಚಲು.

ಆ ಕೊನೆಯ ಸಾಲೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಅದಕ್ಕೆ ಮುಂದೆ ಬರುತ್ತೇನೆ. ಮೊದಲು ಮಗನ ವಿಷಯ. ಸಹೋದರಿ, ನಿಮ್ಮ ಮಗನ ನಿರೋಧಕ ಶಕ್ತಿಗೆ ಏನೂ ಆಗಿಲ್ಲ. ನಡುಗಿಸುವಷ್ಟು ಜ್ವರ ಬಂದಿದೆ ಎಂದರೆ ಅವನ ರಕ್ಷಕ ಕಣಗಳು ಕೆಲಸದಲ್ಲಿವೆ ಎಂದೇ ಅರ್ಥ. ಆದರೆ ಎಷ್ಟೇ ಗಟ್ಟಿಮುಟ್ಟಾದ ಶರೀರವಾದರೂ ಆ ಕಣಗಳಿಗೆ ಈ ಶತ್ರುವಿನ ಮುಂದೆ ಕೆಲವು ಇತಿಮಿತಿಗಳಿವೆ. ಅವು ಏನೆಂದು ತಿಳಿದರೆ ಮಾತ್ರೆಯನ್ನು ಏಕೆ ಅರ್ಧಕ್ಕೆ ಬಿಡಬಾರದು ಎಂಬುದೂ ತಿಳಿಯುತ್ತದೆ.

ಮಲೇರಿಯಾದ ಜೀವಿ ಬ್ಯಾಕ್ಟೀರಿಯಾ ಅಲ್ಲ, ವೈರಸ್ಸೂ ಅಲ್ಲ. ಅದೊಂದು ಏಕಕೋಶದ ಪರಾವಲಂಬಿ. ಅದನ್ನು ಮೊದಲು ಕಣ್ಣಾರೆ ಕಂಡವರು ಲಾವೆರಾನ್ ಎಂಬ ಫ್ರೆಂಚ್ ಸೇನಾ ವೈದ್ಯರು, 1880ರಲ್ಲಿ ಅಲ್ಜೀರಿಯಾದ ಕಾನ್‌ಸ್ಟಂಟೈನ್ ನಗರದ ಆಸ್ಪತ್ರೆಯಲ್ಲಿ. ಸೊಳ್ಳೆಯೇ ಅದರ ವಾಹಕ ಎಂದು 1897ರಲ್ಲಿ ಸಿಕಂದರಾಬಾದಿನಲ್ಲಿ ತೋರಿಸಿಕೊಟ್ಟ ರೊನಾಲ್ಡ್ ರಾಸ್ ಅದಕ್ಕೂ ಮೊದಲು ನಮ್ಮ ಬೆಂಗಳೂರಿನಲ್ಲಿ ಸೇವೆಯಲ್ಲಿದ್ದವರು. ಶರೀರದಲ್ಲಿ ರೋಗಾಣುಗಳನ್ನು ನುಂಗುವ ಕಣಗಳಿವೆ ಎಂದು ಗುರುತಿಸಿದವರು ರಷ್ಯಾದ ಮೆಚ್ನಿಕಾಫ್. 1882ರಲ್ಲಿ ಅವರು ನಕ್ಷತ್ರಮೀನಿನ ಮರಿಯ ಮೈಗೆ ಮುಳ್ಳು ಚುಚ್ಚಿಟ್ಟು ಮರುದಿನ ನೋಡಿದರೆ, ಮುಳ್ಳಿನ ಸುತ್ತ ಸಣ್ಣ ಸಣ್ಣ ಕಣಗಳು ಬಂದು ಮುತ್ತಿಕೊಂಡಿದ್ದವು. ಮೂವರಿಗೂ ಬೇರೆ ಬೇರೆ ವರ್ಷಗಳಲ್ಲಿ ನೊಬೆಲ್ ಬಂತು.

ಸೊಳ್ಳೆ ಕಚ್ಚಿದಾಗ ಅದರ ಎಂಜಲಿನೊಂದಿಗೆ ನಮ್ಮ ಚರ್ಮದೊಳಗೆ ಇಳಿಯುವ ಮಲೇರಿಯಾ ಜೀವಿಗಳ ಸಂಖ್ಯೆ ದೊಡ್ಡದೇನಲ್ಲ. ಹೆಚ್ಚಿನ ಸಲ ಕೆಲವು ಹತ್ತುಗಳಷ್ಟು ಮಾತ್ರ. ಅವು ರಕ್ತನಾಳ ಹುಡುಕಿಕೊಂಡು ಲಿವರ್ ತಲುಪುತ್ತವೆ. ಲಿವರಿನ ಬಾಗಿಲಲ್ಲಿ ಕಾವಲಿದೆ. ರಕ್ತದಲ್ಲಿ ಬರುವ ಕಸಕಡ್ಡಿ, ರೋಗಾಣುಗಳನ್ನು ಹಿಡಿದು ನುಂಗುವ ದೊಡ್ಡ ಕಣಗಳು ಅಲ್ಲಿ ಗೋಡೆಗಂಟಿಕೊಂಡು ಕೂತಿರುತ್ತವೆ. ಮಲೇರಿಯಾ ಜೀವಿಯ ಚಾಲಾಕಿತನ ನೋಡಿ, ಆ ಕಾವಲುಗಾರನನ್ನೇ ತೂರಿಕೊಂಡು ಅದು ಒಳಗೆ ಹೋಗಿಬಿಡುತ್ತದೆ. ಒಳಗಿನ ಲಿವರ್ ಕೋಶವೊಂದರಲ್ಲಿ ಮನೆ ಮಾಡಿ, ಒಂದು ವಾರದಷ್ಟು ಕಾಲ ಸದ್ದಿಲ್ಲದೆ ಬೆಳೆಯುತ್ತದೆ. ಆಗ ಜ್ವರವಿಲ್ಲ, ನೋವಿಲ್ಲ, ರಕ್ತ ಪರೀಕ್ಷೆಯಲ್ಲೂ ಏನೂ ಕಾಣುವುದಿಲ್ಲ. ಒಂದು ಸಾವಿರಾರು ಆಗುವುದು ಇಲ್ಲಿಯೇ.

ಆದರೆ ಇಲ್ಲಿ ನಮ್ಮ ಕಣಗಳಿಗೆ ಒಂದು ಅವಕಾಶವೂ ಇದೆ. ನಮ್ಮ ಶರೀರದ ಪ್ರತಿಯೊಂದು ಕೋಶವೂ ತನ್ನೊಳಗೆ ತಯಾರಾಗುತ್ತಿರುವುದರ ಚೂರುಪಾರನ್ನು ಹೊರಮೈ ಮೇಲೆ ತಂದು ಇಡುತ್ತಲೇ ಇರುತ್ತದೆ. ಪಕ್ಕದ ಮನೆಯಲ್ಲಿ ಏನು ಬೇಯುತ್ತಿದೆ ಎಂದು ಬಾಗಿಲ ಮುಂದೆ ಹಾದುಹೋಗುವವರಿಗೆ ಘಮದಿಂದಲೇ ತಿಳಿಯುವುದಿಲ್ಲವೇ, ಹಾಗೆ. ಟಿ-ಕಣಗಳೆಂಬ ಬಿಳಿ ರಕ್ತಕಣಗಳಲ್ಲಿ ಒಂದು ಪಂಗಡದ ಕೆಲಸವೇ ಹೀಗೆ ಮನೆಮನೆಯ ಮುಂದೆ ಹಾದುಹೋಗುವುದು. ಪರಕೀಯ ಘಮ ಬಂದ ಕೂಡಲೇ ಆ ಕೋಶವನ್ನು ಅವು ಕೊಂದು ಹಾಕುತ್ತವೆ. ಒಳಗಿದ್ದ ಪರಾವಲಂಬಿಯೂ ಅದರ ಜೊತೆ ಸಾಯುತ್ತದೆ. ಒಂದು ಲಿವರ್ ಕೋಶ ಹೋದರೆ ನಷ್ಟವಿಲ್ಲ, ಅದು ಮತ್ತೆ ಹುಟ್ಟುತ್ತದೆ. ತೊಂದರೆ ಏನೆಂದರೆ, ಮೊದಲ ಸಲ ಸೋಂಕು ತಗುಲಿದವರಲ್ಲಿ ಈ ಘಮವನ್ನು ಗುರುತಿಸಬಲ್ಲ ಟಿ-ಕಣಗಳು ಬಹಳ ಕಡಿಮೆ. ಅವು ಎಚ್ಚೆತ್ತು, ಕಲಿತು, ಸಂಖ್ಯೆಯಲ್ಲಿ ಬೆಳೆಯುವಷ್ಟರಲ್ಲಿ ವಾರ ಕಳೆದಿರುತ್ತದೆ. ಪರಾವಲಂಬಿ ಲಿವರನ್ನು ಬಿಟ್ಟು ರಕ್ತಕ್ಕೆ ಇಳಿದಾಗಿರುತ್ತದೆ.

ರಕ್ತದಲ್ಲಿ ಅದು ಆರಿಸಿಕೊಳ್ಳುವ ಮನೆ ಕೆಂಪು ರಕ್ತಕಣ. ಅಡಗುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಶರೀರದಲ್ಲೇ ಇಲ್ಲ. ಏಕೆಂದರೆ ಕೆಂಪು ಕಣ, ಪ್ರಾಣವಾಯು ಹೊರುವ ಹಿಮೋಗ್ಲೋಬಿನ್‌ಗೆ ಜಾಗ ಬಿಡಲಿಕ್ಕಾಗಿ, ತನ್ನ ನಡುವಿನ ಕೋಶಕೇಂದ್ರವನ್ನೇ ಹೊರಹಾಕಿಬಿಟ್ಟಿದೆ. ಅದು ಅಡುಗೆಮನೆಯೇ ಇಲ್ಲದ ಮನೆ. ಅದರ ಬಾಗಿಲಲ್ಲಿ ಘಮ ಬರುವುದಿಲ್ಲ. ಟಿ-ಕಣ ಎಷ್ಟು ಸಲ ಹಾದುಹೋದರೂ ಒಳಗಿರುವ ಕಳ್ಳ ತಿಳಿಯುವುದಿಲ್ಲ. ನಿಮ್ಮ ಮಗನಿಗೆ ಬಂದಿರುವ ವೈವಾಕ್ಸ್ ಬಗೆ ಮಾತ್ರ ಈಗಷ್ಟೇ ಹುಟ್ಟಿದ ಎಳೆಯ ಕೆಂಪು ಕಣಗಳನ್ನೇ ಹುಡುಕುತ್ತದೆ. ಎಳೆಯ ಕಣಗಳಲ್ಲಿ ಆ ಘಮದ ಅಂಶ ಇನ್ನೂ ಸ್ವಲ್ಪ ಉಳಿದಿರುತ್ತದೆ, ಆದ್ದರಿಂದ ಟಿ-ಕಣಗಳು ಅವುಗಳ ಮೇಲೆ ದಾಳಿ ಮಾಡಬಲ್ಲವು ಎಂದು ಬ್ರೆಜಿಲ್‌ನ ರೋಗಿಗಳ ರಕ್ತದ ಮೇಲೆ ನಡೆದ ಅಧ್ಯಯನವೊಂದು 2018ರಲ್ಲಿ ತೋರಿಸಿದೆ. ವೈವಾಕ್ಸ್ ರೋಗಿಯ ರಕ್ತದಲ್ಲಿ ಪರಾವಲಂಬಿಗಳು ಫಾಲ್ಸಿಪೇರಂ ರೋಗಿಯಲ್ಲಿರುವಷ್ಟು ಏರದಿರಲು ಎಳೆಯ ಕಣಗಳು ಯಾವಾಗಲೂ ಕಡಿಮೆ ಇರುವುದು ಮುಖ್ಯ ಕಾರಣ, ಇದೂ ಒಂದು ಕಾರಣವಿರಬಹುದು.

ಕೆಂಪು ಕಣದೊಳಗೆ ಕೂತ ಜೀವಿ ಹಿಮೋಗ್ಲೋಬಿನ್ ತಿನ್ನುತ್ತದೆ. ತಿಂದು ಉಳಿದದ್ದು ಕಾಫಿಯ ಚರಟದಂತೆ ಕಂದು ಬಣ್ಣದ ಕಸವಾಗಿ ನಿಲ್ಲುತ್ತದೆ. ಸುಮಾರು 48 ಗಂಟೆಗಳಲ್ಲಿ ಒಂದು ಹತ್ತಿಪ್ಪತ್ತಾಗಿ ಕಣವನ್ನು ಒಡೆದುಕೊಂಡು ಹೊರಬರುತ್ತದೆ, ಹೊಸ ಕಣಗಳಿಗೆ ನುಗ್ಗುತ್ತದೆ. ಲಕ್ಷಾಂತರ ಕಣಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಒಡೆದಾಗ ಆ ಕಸವೆಲ್ಲ ರಕ್ತಕ್ಕೆ ಬೀಳುತ್ತದೆ. ಅದನ್ನು ನುಂಗಿದ ಬಿಳಿಕಣಗಳು ಒಂದು ಬಗೆಯ ಕೂಗು ಹಾಕುತ್ತವೆ, ಅಂದರೆ ಕೆಲವು ರಾಸಾಯನಿಕಗಳನ್ನು ಸುರಿಯುತ್ತವೆ. ಅವು ಮಿದುಳಿಗೆ ತಲುಪಿ ಶರೀರದ ಬಿಸಿಯನ್ನು ಏರಿಸುತ್ತವೆ. ಮೊದಲು ಹಲ್ಲು ಕಡಿಯುವ ಚಳಿ, ಆಮೇಲೆ ಜ್ವರ, ಆಮೇಲೆ ಬೆವರು, ಮರುದಿನ ಏನೂ ಇಲ್ಲ, ಅದರ ಮರುದಿನ ಮತ್ತೆ. ದಿನ ಬಿಟ್ಟು ದಿನ ಬರುವ ಈ ಜ್ವರವನ್ನು ಇಬ್ನ್ ಸೀನಾ ಸಾವಿರ ವರ್ಷಗಳ ಹಿಂದೆಯೇ ಬೇರೆಯಾಗಿ ಗುರುತಿಸಿದ್ದರು. ಅವರ ಅಲ್-ಕಾನೂನ್ ಗ್ರಂಥದ ನಾಲ್ಕನೆಯ ಸಂಪುಟದಲ್ಲಿ ಜ್ವರಗಳ ವಿಚಾರವೇ ವಿಸ್ತಾರವಾಗಿದೆ. ಕಾರಣ ಮಾತ್ರ ಆಗ ಯಾರಿಗೂ ಗೊತ್ತಿರಲಿಲ್ಲ.

ಆದ್ದರಿಂದ ಮಲೇರಿಯಾದಲ್ಲಿ ಮೈ ಸುಡುವುದು ನಮ್ಮದೇ ಕಣಗಳ ಕೆಲಸ. ಪ್ಯಾರಾಸಿಟಮಾಲ್ ಮಾತ್ರೆ ಆ ಕೂಗನ್ನು ತಗ್ಗಿಸುತ್ತದೆಯೇ ಹೊರತು ಒಂದೇ ಒಂದು ಪರಾವಲಂಬಿಯನ್ನೂ ಕೊಲ್ಲುವುದಿಲ್ಲ. ಜ್ವರ ಇಳಿಯಿತು ಎಂದು ನೆಮ್ಮದಿಯಿಂದ ಕೂರುವ ಮನೆಗಳಲ್ಲಿ ಎಷ್ಟೋ ಸಲ ನಡೆಯುವುದು ಇಷ್ಟೇ.

ಈ ಹೋರಾಟದ ದೊಡ್ಡ ಕಣವೆಂದರೆ ಗುಲ್ಮ. ನಮ್ಮ ದಖ್ಖನಿ ಮಾತಿನ ಮನೆಗಳಲ್ಲಿ ಅದಕ್ಕೆ ತಿಲ್ಲಿ ಎನ್ನುತ್ತಾರೆ. ಬಕ್ರೀದ್‌ನ ದಿನ ಕುರಿಯ ಕಲೇಜಿ ತೊಳೆಯುವಾಗ ಪಕ್ಕದಲ್ಲೇ ಕಾಣುವ ಕಪ್ಪುಗೆಂಪು ತುಂಡು ಅದೇ. ಅದರೊಳಗೆ ರಕ್ತ ಬಹಳ ಇಕ್ಕಟ್ಟಾದ ಸಂದುಗಳ ಮೂಲಕ ನುಸುಳಿ ಹೋಗಬೇಕು. ಆರೋಗ್ಯವಾದ ಕೆಂಪು ಕಣ ಮೃದುವಾಗಿ ಬಾಗಿ ದಾಟುತ್ತದೆ. ಒಳಗೆ ಪರಾವಲಂಬಿ ಬೆಳೆದ ಕಣ ಬಿರುಸಾಗಿರುತ್ತದೆ, ಸಿಕ್ಕಿಹಾಕಿಕೊಳ್ಳುತ್ತದೆ. ಅಲ್ಲಿ ಕಾದಿರುವ ನುಂಗುವ ಕಣಗಳು ಅದನ್ನು ಮುಗಿಸುತ್ತವೆ. ಟಿ-ಕಣಕ್ಕೆ ಕಾಣದ ಕಳ್ಳನನ್ನು ಗುಲ್ಮ ಹೀಗೆ ಸೋಸಿ ಹಿಡಿಯುತ್ತದೆ. ಕೆಲಸ ಹೆಚ್ಚಾದಾಗ ಅದು ಊದಿಕೊಳ್ಳುತ್ತದೆ. ಹಿಂದಿನವರು ಜ್ವರಗಡ್ಡೆ ಎಂದು ಹೊಟ್ಟೆಯ ಎಡಗಡೆ ಮುಟ್ಟಿ ನೋಡುತ್ತಿದ್ದುದು ಈ ಊದಿದ ಗುಲ್ಮವನ್ನೇ. ಆದರೆ ಈ ಸೋಸುವಿಕೆಯಲ್ಲಿ ಸೋಂಕಿಲ್ಲದ ಕೆಂಪು ಕಣಗಳೂ ಬಹಳಷ್ಟು ನಾಶವಾಗುತ್ತವೆ. ಮಲೇರಿಯಾದ ನಂತರ ಮುಖ ಬಿಳಿಚಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಇಷ್ಟೆಲ್ಲ ಇದ್ದೂ ಮೈಶಕ್ತಿಯಿಂದಲೇ ಮಲೇರಿಯಾ ಹೋಗುತ್ತದೆ ಎನ್ನಬಹುದೇ? ಇದಕ್ಕೆ ಉತ್ತರ ಆಫ್ರಿಕಾದಿಂದ ಬಂದಿದೆ. ಪಶ್ಚಿಮ ಆಫ್ರಿಕಾದ ಗಾಂಬಿಯಾ ಮುಸ್ಲಿಮರೇ ಹೆಚ್ಚಾಗಿರುವ ಒಂದು ಪುಟ್ಟ ದೇಶ. ಅಲ್ಲಿ ಮಲೇರಿಯಾದಿಂದ ಸಾಯುತ್ತಿದ್ದವರಲ್ಲಿ ಪುಟ್ಟ ಮಕ್ಕಳೇ ಹೆಚ್ಚು. ದೊಡ್ಡವರಿಗೆ ಅಷ್ಟಾಗಿ ಏನೂ ಆಗುತ್ತಿರಲಿಲ್ಲ. ದೊಡ್ಡವರ ರಕ್ತದಲ್ಲಿ ಏನಿದೆ ಎಂಬ ಪ್ರಶ್ನೆ ಎತ್ತಿಕೊಂಡ ಕೊಹೆನ್, ಮ್ಯಾಕ್‌ಗ್ರೆಗರ್ ಮತ್ತು ಅವರ ಸಂಗಡಿಗರು, ಆ ದೊಡ್ಡವರ ರಕ್ತದಿಂದ ಪ್ರತಿಕಾಯಗಳನ್ನು ಬೇರ್ಪಡಿಸಿ ಕಾಯಿಲೆ ಬಿದ್ದ ಮಕ್ಕಳಿಗೆ ಚುಚ್ಚಿದರು. ಮಕ್ಕಳ ರಕ್ತದಲ್ಲಿದ್ದ ಪರಾವಲಂಬಿಗಳ ಸಂಖ್ಯೆ ಇಳಿದುಹೋಯಿತು. ಇದು 1961ರಲ್ಲಿ ಪ್ರಕಟವಾದ ಪ್ರಯೋಗ. ಪ್ರತಿಕಾಯಗಳೆಂದರೆ ಬಿ-ಕಣಗಳು ತಯಾರಿಸುವ ಒಂದು ಬಗೆಯ ಪ್ರೋಟೀನು. ಪರಾವಲಂಬಿ ಒಂದು ಕೆಂಪು ಕಣದಿಂದ ಇನ್ನೊಂದಕ್ಕೆ ಜಿಗಿಯುವ ಆ ಒಂದೆರಡು ನಿಮಿಷ ಬಯಲಲ್ಲಿರುತ್ತದಲ್ಲ, ಆಗ ಅವು ಅದಕ್ಕೆ ಅಂಟಿಕೊಂಡು ದಾರಿ ಕಟ್ಟುತ್ತವೆ. ಇದನ್ನು ನುಂಗು ಎಂದು ಉಳಿದ ಕಣಗಳಿಗೆ ಗುರುತೂ ಹಾಕುತ್ತವೆ.

ಆದರೆ ಆ ದೊಡ್ಡವರು ಆ ಶಕ್ತಿಯನ್ನು ಗಳಿಸಿದ್ದು ಟಾನಿಕ್‌ನಿಂದಲ್ಲ. ಹುಟ್ಟಿದಂದಿನಿಂದ ವರ್ಷವರ್ಷವೂ ಮಲೇರಿಯಾ ಬಂದು, ಜೊತೆಯಲ್ಲಿ ಹುಟ್ಟಿದ ಎಷ್ಟೋ ಮಕ್ಕಳು ಸತ್ತು, ಬದುಕಿ ಉಳಿದವರ ಕಣಗಳು ಕಲಿತ ಪಾಠ ಅದು. ಅಷ್ಟಾದರೂ ಅದು ಪೂರ್ಣ ರಕ್ಷಣೆಯಲ್ಲ. ಪರಾವಲಂಬಿ ರಕ್ತದಲ್ಲಿ ಇದ್ದೇ ಇರುತ್ತದೆ, ಕಾಯಿಲೆ ಮಾಡುವುದಿಲ್ಲ ಅಷ್ಟೇ. ಪಾಠ ಇಷ್ಟು ನಿಧಾನವಾಗುವುದಕ್ಕೆ ಕಾರಣ ಪರಾವಲಂಬಿಯ ವೇಷಗಳು. ಫಾಲ್ಸಿಪೇರಂ ಎಂಬ ಘೋರ ಬಗೆಯ ಜೀವಿ ತನ್ನ ವಂಶವಾಹಿಯಲ್ಲಿ ಸುಮಾರು ಅರುವತ್ತು ಬಗೆಯ ವೇಷ ಇಟ್ಟುಕೊಂಡಿದೆ. ಒಂದನ್ನು ಬಿ-ಕಣಗಳು ಗುರುತಿಸುವಷ್ಟರಲ್ಲಿ ಇನ್ನೊಂದನ್ನು ತೊಟ್ಟಿರುತ್ತದೆ. ಅಷ್ಟೇ ಅಲ್ಲ, ಕಲಿತದ್ದು ಮರೆತೂ ಹೋಗುತ್ತದೆ. ಆಫ್ರಿಕಾದಿಂದ ಯುರೋಪಿಗೆ ಹೋಗಿ ಕೆಲವು ವರ್ಷ ನೆಲೆಸಿದವರು ತವರಿಗೆ ಬಂದು ಹೋಗುವಾಗ ಮಲೇರಿಯಾ ಹಿಡಿಸಿಕೊಂಡು ಮಲಗುವುದು ಅಲ್ಲಿನ ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ.

ಈಗ ಸಮೇತನಹಳ್ಳಿಯ ಮಾತಿಗೆ ಬನ್ನಿ. 1953ರಲ್ಲಿ ದೇಶದಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು, 1958ರಲ್ಲಿ ಅದು ನಿರ್ಮೂಲನ ಕಾರ್ಯಕ್ರಮವಾಯಿತು. ಗೋಡೆಗಳಿಗೆ ಡಿಡಿಟಿ ಹೊಡೆಯುವವರು ಮನೆಮನೆಗೆ ಬರುತ್ತಿದ್ದುದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಅವರಿಗೂ ಹಿಂದಿನವರ ಕಣಗಳಿಗೆ ಮಲೇರಿಯಾದ ಅಷ್ಟಿಷ್ಟು ಪರಿಚಯವಾದರೂ ಇತ್ತು. ಇಂದು ಕರ್ನಾಟಕದಲ್ಲಿ ಕಾಯಿಲೆ ಬಹಳ ಇಳಿದಿದೆ. 1990ರ ದಶಕದಿಂದ ಕಟ್ಟಡಗಳ ಭರಾಟೆಯೊಂದಿಗೆ ಏರುತ್ತಾ ಹೋಗಿ, ಒಂದು ಕಾಲಕ್ಕೆ ವರ್ಷಕ್ಕೆ ಸಾವಿರಾರು ಮಂದಿ ನರಳಿದ ಮಂಗಳೂರಿನಲ್ಲೂ ಈಚಿನ ವರ್ಷಗಳಲ್ಲಿ ಅದು ಎಷ್ಟೋ ತಗ್ಗಿದೆ. ಅಲ್‌ಹಮ್ದುಲಿಲ್ಲಾಹ್, ಒಳ್ಳೆಯದೇ. ಆದರೆ ಇದರ ಇನ್ನೊಂದು ಮುಖವೆಂದರೆ, ನಮ್ಮ ಊರುಗಳಲ್ಲಿ ಇಪ್ಪತ್ತೈದರ ಗಟ್ಟಿ ಹುಡುಗನೂ ಈ ಕಾಯಿಲೆಯ ಮುಂದೆ ಗಾಂಬಿಯಾದ ಎರಡು ವರ್ಷದ ಮಗುವಿನಷ್ಟೇ ಅನನುಭವಿ. ಹಾಲು, ಮೊಟ್ಟೆ, ಜೇನು, ಕಲೌಂಜಿ ಎಲ್ಲ ತಿನ್ನಲಿ, ಬೇಡವೆನ್ನುವುದಿಲ್ಲ, ಮೈ ತುಂಬಿಕೊಳ್ಳಲು ಬೇಕು. ಅವು ಟಿ-ಕಣಗಳಿಗೆ ಮಲೇರಿಯಾದ ಘಮವನ್ನು ಕಲಿಸಲಾರವು. ತಾವೀಜಿನ ಬಗ್ಗೆ ಅತ್ತೆಯವರೊಂದಿಗೆ ಜಗಳ ಬೇಡ. ರೋಗಕ್ಕೆ ಔಷಧಿ ಮಾಡಿಸಿಕೊಳ್ಳುವುದು ಪ್ರವಾದಿ(ಸ)ಯವರು ತೋರಿಸಿಕೊಟ್ಟ ದಾರಿ ಎಂಬುದನ್ನು ಮಾತ್ರ ಅವರಿಗೆ ಮೆಲ್ಲಗೆ ನೆನಪಿಸಿ.

ಲಸಿಕೆ ಇಲ್ಲವೇ ಎಂದು ಕೆಲವರು ಕೇಳಬಹುದು. ಇದೆ. 2021ರಲ್ಲಿ ಒಂದನ್ನು, 2023ರಲ್ಲಿ ಇನ್ನೊಂದನ್ನು ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳಿಗಾಗಿ ಶಿಫಾರಸು ಮಾಡಿದೆ. ಎರಡನೆಯದು ನಮ್ಮ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನಲ್ಲೇ ತಯಾರಾಗುತ್ತದೆ. ಎರಡೂ ಫಾಲ್ಸಿಪೇರಂ ವಿರುದ್ಧ, ಮುಖ್ಯವಾಗಿ ಆಫ್ರಿಕಾದ ಮಕ್ಕಳಿಗೆ. ವೈವಾಕ್ಸ್‌ಗೆ ಇವು ಬಾರವು.

ಮತ್ತೆ ಜ್ವರ ಬಂದದ್ದೇಕೆ ಎಂಬುದಕ್ಕೆ ಉತ್ತರ ಲಿವರಿನಲ್ಲಿದೆ. ವೈವಾಕ್ಸ್ ಜೀವಿಗಳಲ್ಲಿ ಕೆಲವು ಲಿವರ್ ಕೋಶದೊಳಗೆ ಹೊಕ್ಕವು ಬೆಳೆಯದೆ ಹಾಗೇ ನಿದ್ದೆ ಹೋಗುತ್ತವೆ. ಬೆಳೆಯದ ಜೀವಿಗೆ ಅಡುಗೆಯಿಲ್ಲ, ಬಾಗಿಲಲ್ಲಿ ಘಮವಿಲ್ಲ, ಟಿ-ಕಣಗಳಿಗೆ ಸುಳಿವು ಸಿಗುವುದಿಲ್ಲ. ಕೆಲವು ವಾರ, ಕೆಲವು ತಿಂಗಳು, ಕೆಲವೊಮ್ಮೆ ವರ್ಷದ ಹತ್ತಿರ ಮಲಗಿದ್ದು ಒಂದು ದಿನ ಎದ್ದು ರಕ್ತಕ್ಕೆ ಇಳಿಯುತ್ತವೆ. ಸಮೇತನಹಳ್ಳಿಯ ಸೊಳ್ಳೆ ಕಚ್ಚಬೇಕೆಂದೇ ಇಲ್ಲ. ಮಂಗಳೂರಿನಲ್ಲಿ ಕಚ್ಚಿದ ಸೊಳ್ಳೆಯ ಫಲವನ್ನೇ ನಿಮ್ಮ ಮಗ ಮತ್ತೆ ಉಣ್ಣುತ್ತಿರಬಹುದು. ಮೊದಲ ಮೂರು ದಿನದ ಕ್ಲೋರೋಕ್ವಿನ್ ರಕ್ತದಲ್ಲಿರುವುದನ್ನು ಕೊಲ್ಲುತ್ತದೆ. ಲಿವರಿನಲ್ಲಿ ಮಲಗಿರುವುದನ್ನು ಕೊಲ್ಲುವುದು ಪ್ರೈಮಾಕ್ವಿನ್ ಎಂಬ ಮಾತ್ರೆ. ಅದನ್ನು 14 ದಿನ ತೆಗೆದುಕೊಳ್ಳಬೇಕು. ಚೀಲದಲ್ಲಿ ಉಳಿದ ಪೊಟ್ಟಣ ಬಹುಶಃ ಅದೇ.

ಈ ಮಾತ್ರೆಯ ಬಗ್ಗೆ ಒಂದು ಎಚ್ಚರಿಕೆ ಇದೆ. ಜಿ-6-ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಕೆಲವರಲ್ಲಿ ಇದು ಕೆಂಪು ಕಣಗಳನ್ನು ಒಡೆದುಬಿಡುತ್ತದೆ. ಈ ಕೊರತೆ ತಾಯಿಯಿಂದ ಗಂಡುಮಕ್ಕಳಿಗೆ ಬರುವಂಥದ್ದು, ತಾಯಿಗೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. ತವರಿನ ಕಡೆ ಅಣ್ಣತಮ್ಮಂದಿರಿಗೆ, ಸೋದರಮಾವಂದಿರಿಗೆ ಯಾವುದಾದರೂ ಮಾತ್ರೆ ತಿಂದು ಮೂತ್ರ ಕಪ್ಪಾಗಿ ಕಾಮಾಲೆ ಕಂಡದ್ದುಂಟೇ ಎಂದು ನೆನಪಿಸಿಕೊಂಡು ವೈದ್ಯರಿಗೆ ಹೇಳಿ. ಇದಕ್ಕೆ ರಕ್ತ ಪರೀಕ್ಷೆಯೂ ಇದೆ. ಮಾತ್ರೆ ಶುರುವಾದ ಮೇಲೆ ಮೂತ್ರ ಕಡುಚಹಾದ ಬಣ್ಣಕ್ಕೆ ತಿರುಗಿದರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಬೇಕು.

ಇನ್ನು ಸೊಸೆಯ ವಿಷಯ. ಮಲೇರಿಯಾ ಹೆಚ್ಚಿರುವ ನಾಡುಗಳ ಹೆಣ್ಣುಮಕ್ಕಳಲ್ಲಿ ವೈದ್ಯರು ಬಹಳ ಕಾಲ ಅಚ್ಚರಿಯಿಂದ ಗಮನಿಸಿದ ಸಂಗತಿಯೊಂದಿದೆ. ಬಾಲ್ಯದಲ್ಲಿ ಹತ್ತಾರು ಸಲ ಮಲೇರಿಯಾ ಬಂದು ಗಟ್ಟಿಯಾದವಳು ಚೊಚ್ಚಲು ಬಸುರಿನಲ್ಲಿ ಮತ್ತೆ ಸುಲಭವಾಗಿ ಅದಕ್ಕೆ ತುತ್ತಾಗುತ್ತಾಳೆ. ಎರಡನೆಯ, ಮೂರನೆಯ ಬಸುರಿನಲ್ಲಿ ಅಷ್ಟಿಲ್ಲ. ಕಾರಣ ಮಾಸು. ಗರ್ಭದಲ್ಲಿ ಮಗುವಿಗೆ ಅನ್ನ ನೀರು ತಲುಪಿಸುವ ಮಾಸು ಶರೀರಕ್ಕೆ ಹೊಸ ಅಂಗ. ಫಾಲ್ಸಿಪೇರಂ ಜೀವಿ ಆ ಮಾಸಿಗೇ ಅಂಟಿಕೊಳ್ಳುವ ವಿಶೇಷ ವೇಷವೊಂದನ್ನು ಇಟ್ಟುಕೊಂಡಿದೆ. ಅದನ್ನು ಅವಳ ಬಿ-ಕಣಗಳು ಹಿಂದೆಂದೂ ಕಂಡಿರುವುದಿಲ್ಲ. ಮೊದಲ ಬಸುರಿನಲ್ಲಿ ಕಲಿತ ಪ್ರತಿಕಾಯ ಮುಂದಿನ ಬಸುರುಗಳನ್ನು ಕಾಯುತ್ತದೆ. ವೈವಾಕ್ಸ್ ಹೀಗೆ ಮಾಸಿಗೆ ಅಷ್ಟಾಗಿ ಅಂಟುವುದಿಲ್ಲವಾದರೂ ಬಸುರಿಯ ರಕ್ತ ಇಳಿಸುತ್ತದೆ, ಮಗು ತೂಕ ಕಡಿಮೆಯಾಗಿ ಹುಟ್ಟಲು ಕಾರಣವಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಮಲಗಿದ ಜೀವಿಗಳನ್ನು ಕೊಲ್ಲುವ ಪ್ರೈಮಾಕ್ವಿನ್ನನ್ನು ಬಸುರಿಯರಿಗೆ ಕೊಡುವಂತಿಲ್ಲ. ಅವಳಿಗೆ ಸೋಂಕಾದರೆ ರಕ್ತದಲ್ಲಿರುವುದಕ್ಕೆ ಕ್ಲೋರೋಕ್ವಿನ್ ಕೊಡಬಹುದು, ಅದು ಬಸುರಿನಲ್ಲೂ ಸುರಕ್ಷಿತ. ಬೇರು ಮಾತ್ರ ಹೆರಿಗೆಯ ತನಕ ಉಳಿಯುತ್ತದೆ. ಗಂಡ ಮಾತ್ರೆ ಬಿಟ್ಟದ್ದರ ಹೊರೆ ಅವಳ ಮೇಲೆ ಬೀಳುವುದು ಹೀಗೆ.

ಬೀಳಬೇಕಾದರೆ ನಡುವೆ ಒಂದು ಸೊಳ್ಳೆ ಬೇಕು. ವೈವಾಕ್ಸ್ ರೋಗಿಯ ರಕ್ತ ಬಹಳ ಬೇಗ, ಜ್ವರದ ಮೊದಲ ದಿನಗಳಲ್ಲೇ, ಸೊಳ್ಳೆಗೆ ಸೋಂಕು ಕೊಡಬಲ್ಲದು. ಆದ್ದರಿಂದ ಪರದೆಯೊಳಗೆ ಮಲಗಬೇಕಾದವಳು ಸೊಸೆ ಮಾತ್ರವಲ್ಲ, ಮಗನೂ. ಬಾವಿ, ಮಾಳಿಗೆಯ ಟ್ಯಾಂಕು, ಕಟ್ಟುತ್ತಿರುವ ಮನೆಯ ತೊಟ್ಟಿ ಎಲ್ಲವೂ ಮಲೇರಿಯಾ ಸೊಳ್ಳೆಗೆ ತೊಟ್ಟಿಲೇ. ವೈಟ್‌ಫೀಲ್ಡ್ ಕಡೆಯಿಂದ ಕಟ್ಟಡಗಳು ನಿಮ್ಮೂರ ತನಕ ಬೆಳೆದು ಬಂದಿವೆಯಲ್ಲ, ನೋಡಿಕೊಳ್ಳಬೇಕು. ಪಕ್ಕದ ಕೋಲಾರ ಜಿಲ್ಲೆಯ ಕಾಮಸಮುದ್ರದ ಸುತ್ತಿನ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಮಲೇರಿಯಾ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಾವಿಗಳಿಗೆ ಗಪ್ಪಿಯಂಥ ಪುಟ್ಟ ಮೀನುಗಳನ್ನು ಬಿಡಿಸಿದರು. ಮೀನು ಸೊಳ್ಳೆಮರಿಗಳನ್ನು ತಿಂದವು, ಕಾಯಿಲೆ ಇಳಿಯಿತು. ಕೆಲವು ಮಸೀದಿಗಳ ಹೌಝ್‌ನಲ್ಲಿ ಹಿಂದಿನಿಂದಲೂ ಮೀನು ಬಿಡುವ ರೂಢಿಯಿದೆ. ಅದನ್ನು ಬರೀ ಚಂದಕ್ಕೆಂದು ತಿಳಿದು ನಿಲ್ಲಿಸಿದವರಿದ್ದರೆ ಮತ್ತೆ ಶುರುಮಾಡಲಿ.

ಈ ಸಂಚಿಕೆ ಕೈಸೇರುವ ತನಕ ಕಾಯಬೇಡಿ ಎಂದು ಸಹೋದರಿಗೆ ಬೇರೆಯಾಗಿ ಪತ್ರ ಬರೆದಿದ್ದೇನೆ. ಮಗನ ರಕ್ತವನ್ನು ಮತ್ತೆ ಪರೀಕ್ಷೆ ಮಾಡಿಸಿ, ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಹಳೆಯ ಪೊಟ್ಟಣದಿಂದ ನೀವೇ ಮಾತ್ರೆ ಕೊಡಬೇಡಿ, ಹೊಸದಾಗಿ ಲೆಕ್ಕಹಾಕಿ ಕೊಡಿಸಿ, 14 ದಿನವೂ ನಿಮ್ಮ ಕಣ್ಣೆದುರಲ್ಲೇ ನುಂಗಲಿ. ಈ ಮಾತ್ರೆಯನ್ನು ದಿನಕ್ಕೊಮ್ಮೆ ಊಟದ ಮೇಲೆ ತೆಗೆದುಕೊಳ್ಳುವುದರಿಂದ, ಜ್ವರ ಬಿಟ್ಟ ಮೇಲೆ ಯಾರಾದರೂ ರಮಝಾನ್‌ನಲ್ಲಿ ಉಪವಾಸ ಹಿಡಿದರೂ ಇಫ್ತಾರ್‌ನ ನಂತರ ನುಂಗಬಹುದು. ಜ್ವರವಿರುವ ದಿನಗಳ ಉಪವಾಸವನ್ನು ಬಿಟ್ಟು ಮುಂದೆ ಖಝಾ ತೀರಿಸಲು ರೋಗಿಗೆ ಅನುಮತಿ ಇದ್ದೇ ಇದೆ. ಸೊಸೆಗೆ ಸ್ವಲ್ಪ ಮೈ ಬಿಸಿಯಾದರೂ ಅಂದೇ ಅವಳ ರಕ್ತವನ್ನೂ ನೋಡಿಸಿ, ಬಸುರಿನ ಸುಸ್ತು ಎಂದು ತಳ್ಳಿಹಾಕಬೇಡಿ. ಪರೀಕ್ಷೆಯ ಚೀಟಿಯನ್ನು ತಾಯಿ ಕಾರ್ಡಿನ ಜೊತೆಯಲ್ಲೇ ಇಟ್ಟಿರಿ. ಒಂದು ವರ್ಷದೊಳಗೆ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ವೈದ್ಯರಿಗೆ ಮೊದಲು ತೋರಿಸಬೇಕಾದದ್ದು ಅದನ್ನೇ.